ಪರದೆಯ ಆಚೆ ಬದಿಯಿಂದ ಬಂದ ಪ್ರಬಂಧ

ಹೊಸದಾಗಿ ನೌಕರಿಗೆ ಸೇರಿದ ಕನ್ನಡ ಮಾಸ್ತರರು ನನ್ನ ಮನೆಗೆ ಬಂದರೆ ಹೆಚ್ಚಾಗಿ ಇದೊಂದು ಪ್ರಶ್ನೆ ಕೇಳುತ್ತಾರೆ: "ಸರ್, ಹುಡುಗರ ಕಡಿಂದ ಸಿನಿಮಾದ ಮ್ಯಾಲ ಪ್ರಬಂಧ ಬರಸಬೇಕಾಗ್ಯದ. ಹ್ಯಾಂಗ ಬರಸ್ಲಿ?" ನಾನು ಮೊದಲು ಚಹಾ ಕೊಡುತ್ತೇನೆ, ಆಮೇಲೆ ಒಂದು ಷರತ್ತು ಹಾಕುತ್ತೇನೆ. ಉಪಾಯ ಹೇಳುತ್ತೇನೆ, ಆದರೆ ಅದರ ಜೊತೆಗೆ ನನ್ನ ತಪ್ಪನ್ನೂ ಕೇಳಿಸಿಕೊಂಡು ಹೋಗಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಕೊಡುವುದಿಲ್ಲ.

ತಪ್ಪು ಇಷ್ಟೇ. ಇಡೀ ನೌಕರಿಯಲ್ಲಿ ನನ್ನ ಕೈಗೆ ಬಂದ ಪ್ರಬಂಧಗಳಲ್ಲೆಲ್ಲ ಶ್ರೇಷ್ಠವಾದದ್ದು ಯಾವುದೋ, ಅದರ ಮೇಲೆ ನಾನು ಕೆಂಪು ಶಾಯಿಯಲ್ಲಿ "ನೋಡದೆ ಬರೆದದ್ದು" ಎಂದು ಬರೆದೆ. ಆ ಎರಡು ಮಾತಿನಿಂದ ಒಬ್ಬ ಹುಡುಗಿಯ ಕಾಲೇಜು ನಿಂತೇಹೋಗುವುದರಲ್ಲಿತ್ತು.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎನ್ನುವುದರಿಂದ ನಿಮಗೆ ಏನೂ ಗಿಟ್ಟುವುದಿಲ್ಲ. ಅದನ್ನು ಬಿಡುತ್ತೇನೆ. ನಾನು ಆಳಂದದ ಸಂತೆಯಲ್ಲಿ ಒಣಮೆಣಸಿನಕಾಯಿ ಮಾರಿ ಬಿ.ಎ. ಮುಗಿಸಿದವನು ಎಂಬುದೊಂದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಚೌಕಾಸಿ ನನ್ನ ರಕ್ತದಲ್ಲಿದೆ. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ.

ಮೊದಲ ನೌಕರಿ ಜೇವರ್ಗಿಯಲ್ಲಿ, ಎಪ್ಪತ್ತರ ದಶಕದಲ್ಲಿ. ಅಲ್ಲಿ ನಾನು ಪಾಠ ಮಾಡುತ್ತಿದ್ದ ರೀತಿ ಏನೆಂದರೆ ಬರೆಸುವುದು. ನಾನು ಹೇಳುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು. ಸಿನಿಮಾ ಪ್ರಬಂಧಕ್ಕೂ ಹಾಗೇ ಒಂದು ನೋಟ್ಸ್ ಮಾಡಿದ್ದೆ. "ನಿರ್ದೇಶನ ಸಮರ್ಥವಾಗಿದೆ. ಛಾಯಾಗ್ರಹಣ ಮನೋಹರವಾಗಿದೆ. ಸಂಗೀತ ಇಂಪಾಗಿದೆ." ಎಲ್ಲ ಸಿನಿಮಾಕ್ಕೂ ಒಗ್ಗುವ ಅಂಗಿ. ಒಮ್ಮೆ ಪ್ರಚಾರದ ವ್ಯಾನಿನವರು ಬಂದು ಕಾಲೇಜಿನಲ್ಲಿ ಚಿತ್ರ ತೋರಿಸಿದರು. ಆವತ್ತು ಶಬ್ದದ ಪೆಟ್ಟಿಗೆ ಕೆಟ್ಟು ಇಡೀ ಚಿತ್ರ ಮೂಕವಾಗಿ ಓಡಿತು. ಮರುದಿನ ಪ್ರಬಂಧ ಬರೆಸಿದೆ. ನಮ್ಮ ಪ್ರಾಚಾರ್ಯರು ವಯಸ್ಸಾದವರು, ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಕಟ್ಟಿನಿಂದ ನಾಲ್ಕು ಪ್ರಬಂಧ ತೆಗೆದು ಓದಿ ಕನ್ನಡಕ ಕೆಳಗಿಟ್ಟರು.

"ಮಾಸ್ತರ, ನಿನ್ನಿ ಪೆಟಗಿ ಕೆಟ್ಟಿತ್ತಲ್ಲ?"

"ಹೌದ್ರಿ."

"ಮತ್ತ ಇವ್ರೆಲ್ಲಾ ಸಂಗೀತ ಇಂಪಾಗ್ಯದ ಅಂತ ಬರದಾರ. ಎಲ್ಲಿ ಕೇಳ್ಯಾರ?"

"ನಿಮ್ಮ ಬಾಯಾಗ ಕೇಳ್ಯಾರ," ಎಂದು ಅವರೇ ಉತ್ತರ ಹೇಳಿ ಕಟ್ಟನ್ನು ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆ. ಆ ದಿನದಿಂದ ನೋಟ್ಸ್ ಬರೆಸುವುದನ್ನು ಬಿಟ್ಟೆ.

ಬಿಟ್ಟ ಮೇಲೆ ಏನು ಮಾಡಬೇಕು ಎನ್ನುವುದು ಆಳಂದಕ್ಕೆ ವರ್ಗವಾದ ಮೇಲೆ ಹೊಳೆಯಿತು. ನೋಟ್ಸ್ ಇಲ್ಲದಿದ್ದರೆ ಹುಡುಗರು ಕಥೆ ಬರೆಯುತ್ತಾರೆ. ನಾಯಕ ಹುಟ್ಟಿದಲ್ಲಿಂದ ಹಿಡಿದು ಮದುವೆಯಾಗುವವರೆಗೆ ನಾಲ್ಕು ಪುಟ, ಕೊನೆಗೆ "ಒಟ್ಟಿನಲ್ಲಿ ನೋಡಬಹುದಾದ ಚಿತ್ರ." ಒಂದು ಸಂತೆಯ ದಿನ ನನ್ನ ಹಳೆಯ ಜಾಗದಲ್ಲಿ ನಿಂತಿದ್ದಾಗ ಒಬ್ಬ ವ್ಯಾಪಾರಿ ಮೆಣಸಿನಕಾಯಿ ಕೊಳ್ಳುವುದನ್ನು ನೋಡಿದೆ. ಅವನು ಇದು ಯಾವ ಹೊಲದ್ದು, ಯಾರು ಬಿತ್ತಿದರು ಎಂದು ಕೇಳಲಿಲ್ಲ. ಒಂದು ಕಾಯಿ ತೆಗೆದ, ಮುರಿದ, ಬೀಜ ನೋಡಿದ, ಮೂಸಿದ, ಬೆಳಕಿಗೆ ಹಿಡಿದ. ಅದೊಂದು ಕಾಯಿಯಿಂದ ಇಡೀ ಚೀಲದ ಗುಣ ಹೇಳಿದ. ನಾನೂ ಎಷ್ಟೋ ವರ್ಷ ಇದನ್ನೇ ಮಾಡಿದವನು, ಆದರೆ ತರಗತಿಗೆ ಹೋಗುವಾಗ ಅದನ್ನು ಸಂತೆಯಲ್ಲೇ ಬಿಟ್ಟು ಹೋಗುತ್ತಿದ್ದೆ.

ಮರುದಿನ ತರಗತಿಯಲ್ಲಿ ಹೇಳಿದೆ: ಕಥೆ ಬ್ಯಾಡ. ಸಿನಿಮಾದಾಗ ಯಾವುದಾದರೂ ಒಂದನ್ನು ಹಿಡೀರಿ. ಒಂದು ಬಾಗಿಲು, ಒಂದು ಕೊಡ, ಒಂದು ಚಪ್ಪಲಿ. ಅದು ಎಷ್ಟು ಸಲ ಬಂತು ನೋಡ್ರಿ. ಎಲ್ಲಿ ಬದಲಾತು ನೋಡ್ರಿ. ಆಮೇಲೆ ನಿಮ್ಮನ್ನ ನೀವೇ ಕೇಳ್ರಿ, "ಅದಕ್ಕೇನು?" ಈ ಮೂರೇ. ಕಂಡದ್ದು ಬರೀರಿ, ಕೇಳಿದ್ದು ಬರೀಬ್ಯಾಡ್ರಿ.

ಭೂಸನೂರಿನ ಕಡೆಯ ಒಬ್ಬ ಹುಡುಗನಿದ್ದ, ಕಬ್ಬಿನ ಗದ್ದೆಯವನು. ಮಾತು ಕಡಿಮೆ, ಅಕ್ಷರ ಇನ್ನೂ ಕಡಿಮೆ. ಅವನು ಅರ್ಧ ಪುಟ ಬರೆದುಕೊಟ್ಟ. "ಈ ಚಿತ್ರದಲ್ಲಿ ಸೈಕಲ್ಲು ಐದು ಸಲ ಬರುತ್ತದೆ. ನಾಲ್ಕು ಸಲ ಇಬ್ಬರು ಕೂತಿರುತ್ತಾರೆ. ಐದನೆಯ ಸಲ ಒಬ್ಬನೇ ಇದ್ದಾನೆ, ಆದರೆ ತುಳಿಯುವಾಗ ಇಬ್ಬರ ಭಾರ ಇದ್ದವನ ಹಾಗೆ ತುಳಿಯುತ್ತಾನೆ." ನಾನು ಆ ಚಿತ್ರವನ್ನು ಎರಡು ಸಲ ನೋಡಿದ್ದೆ. ಸೈಕಲ್ಲೇ ಕಂಡಿರಲಿಲ್ಲ. ಇವರ ಕಣ್ಣಿನಲ್ಲಿ ಇಷ್ಟೆಲ್ಲ ಇದ್ದು, ನಾನು ಇಷ್ಟು ವರ್ಷ ಅದರ ಮೇಲೆ ನೋಟ್ಸ್ ಮುಚ್ಚಿಟ್ಟಿದ್ದೆನಲ್ಲ ಎನ್ನಿಸಿತು.

ಹೀಗೆ ಒಂದು ಉಪಾಯ ಕೈಗೆ ಸಿಕ್ಕಿತು. ಸ್ವಲ್ಪ ಹಮ್ಮೂ ಬಂತು. ಅದೇ ಹಮ್ಮಿನಲ್ಲಿ ಎಂಬತ್ತರ ದಶಕದ ನಡುವೆ ಅಫಜಲಪುರಕ್ಕೆ ಬಂದೆ.

ಅಲ್ಲಿ ಇದ್ದಾಗ ಗುಲಬರ್ಗಾದಲ್ಲಿ ಒಂದು ಶಿಬಿರ ಏರ್ಪಾಡಾಯಿತು. ಸಿನಿಮಾ ನೋಡುವುದು ಹೇಗೆಂದು ಹತ್ತು ದಿನ ಕಲಿಸುವ ಶಿಬಿರ. ಪ್ರತಿ ಕಾಲೇಜಿನಿಂದ ಒಬ್ಬರು, ಅತ್ಯುತ್ತಮ ಪ್ರಬಂಧ ಬರೆದವರು ಹೋಗಬೇಕು. ಚಿತ್ರವನ್ನು ಶಿಬಿರದವರೇ ಕಳಿಸುತ್ತಾರೆ. ನಾಲ್ಕು ಚಿತ್ರಗಳಿದ್ದವು, ಕನ್ನಡದ್ದನ್ನು ಎಲ್ಲರೂ ಕೇಳಿಕೊಂಡಿದ್ದರು. ನಾನು ಯಾರಿಗೂ ಬೇಡವಾಗಿದ್ದ ಒಂದನ್ನು ಆರಿಸಿಕೊಂಡೆ. ದೂರದ ರಾಜ್ಯದ್ದು, ಭಾಷೆ ನಮಗೆ ಯಾರಿಗೂ ಬಾರದು, ಹಳೆಯ ಪ್ರತಿ, ಮೊದಲಿನ ಹೆಸರುಗಳ ಭಾಗವೇ ಹರಿದುಹೋಗಿತ್ತು. ಅದಕ್ಕೆ ಬದಲಾಗಿ ಚೌಕಾಸಿ ಮಾಡಿ ಚಿತ್ರವನ್ನೂ ಯಂತ್ರ ನಡೆಸುವ ಖಾಜಾಸಾಬನನ್ನೂ ಒಂದು ದಿನದ ಬದಲು ಐದು ದಿನ ನಮ್ಮ ತಾಲೂಕಿನಲ್ಲೇ ಇರಿಸಿಕೊಂಡೆ. ಸುತ್ತಲಿನ ಶಾಲೆಗಳಿಗೂ ತೋರಿಸಬಹುದು. ಭಾಷೆ ಬರದಿದ್ದರೆ ಹುಡುಗರು ಕಥೆ ಬರೆಯಲಾರರು, ಕಂಡದ್ದನ್ನೇ ಬರೆಯಬೇಕು. ಒಂದು ಕಲ್ಲಿಗೆ ಎರಡು ಕಾಯಿ ಬಿದ್ದವು ಎಂದು ಹಿಗ್ಗಿದೆ.

ಅಡ್ಡಿ ಬಂದದ್ದು ಅಲ್ಲಿಯ ಪ್ರಾಚಾರ್ಯರಿಂದ. ಒಳ್ಳೆಯ ಮನುಷ್ಯ, ಆದರೆ ಪಾಲಕರ ಭಯ ಬಹಳ.

"ಕಿಡಕಿಗಿ ತಟ್ಟು ಹಾಕಿ ಕತ್ತಲಿ ಮಾಡ್ತೀರಿ. ಕತ್ತಲ್ಯಾಗ ಹುಡುಗರು, ಹುಡುಗ್ಯಾರು ಕೂಡಿ ಕುಂದ್ರೋದಾ? ನಾಳೆ ಊರೂರಿಂದ ಮಂದಿ ಬಂದ್ರ ನೀವು ಜವಾಬ್ ಕೊಡ್ತೀರೇನು? ಹುಡುಗ್ಯಾರು ಬ್ಯಾಡ."

"ಹುಡುಗ್ಯಾರಿಗಿ ಬ್ಯಾರೆ ಆಟ ಹಚ್ಚೋಣ್ರಿ."

"ಎರಡು ಸಲ ಯಂತ್ರ ಓಡಸಾಕ ಕರೆಂಟ್ ಇರ್ತದೇನು?"

ಕರೆಂಟು ಇರುತ್ತಿರಲಿಲ್ಲ, ಅದು ನಿಜ. ಆಗ ನಾನು ಒಂದು ಮಾತು ಮುಂದಿಟ್ಟೆ. ಪರದೆಯನ್ನು ಗೋಡೆಗೆ ಹಚ್ಚುವುದು ಬೇಡ. ಕಾಲೇಜಿನ ಹಾಲ್‌ನ ನಟ್ಟನಡುವೆ, ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ತೆಳ್ಳನೆಯ ಬಿಳಿ ಬಟ್ಟೆ ಇಳಿಬಿಡೋಣ. ಯಂತ್ರ ಇರುವ ಕಡೆ ಹುಡುಗರು. ಬಟ್ಟೆಯ ಆಚೆ ಹುಡುಗಿಯರು, ಆ ಕಡೆಯ ಬಾಗಿಲಿನಿಂದಲೇ ಬಂದು ಹೋಗಲಿ. ತೆಳ್ಳನೆಯ ಬಟ್ಟೆ, ಎರಡೂ ಕಡೆ ಚಿತ್ರ ಕಾಣುತ್ತದೆ. ಒಂದೇ ಆಟ, ಒಂದೇ ಕರೆಂಟು, ಎರಡು ಹಾಲ್.

ಪ್ರಾಚಾರ್ಯರು, "ಭಾರಿ ಅದೀರಿ ಮಾರಾಯ," ಎಂದರು. ಆವತ್ತು ಮನೆಗೆ ಹೋಗುವಾಗ ನನ್ನ ಎದೆ ಎರಡು ಗೇಣು ಅಗಲವಾಗಿತ್ತು.

ಶುಕ್ರವಾರ ಮಧ್ಯಾಹ್ನ ಆಟ. ನಾನು ಹುಡುಗರ ಕಡೆ ಕೂತೆ. ಚಿತ್ರ ಒಂದು ದೊಡ್ಡ ಮನೆಯದು. ಆ ಮನೆಯ ಮಗಳು ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಚಿತ್ರ ಬರೆಯುತ್ತಾಳೆ. ಅಜ್ಜಿಗೆ ಅದು ಸೇರುವುದಿಲ್ಲ. ಮದುವೆಯ ಮುಂಚೆ ಅಜ್ಜಿ ಅವಳ ಮುಂಗೈಗೆ ಒಂದು ಕರಿದಾರ ಕಟ್ಟುತ್ತಾಳೆ. ಮದುವೆ ಆಗುತ್ತದೆ. ಕೊನೆಗೆ ಗಂಡನ ಮನೆಯಲ್ಲಿ ಅತ್ತೆಯೇ ಅವಳ ಮುಂದೆ ಇದ್ದಿಲು ಇಟ್ಟು ಬರೆ ಎನ್ನುತ್ತಾಳೆ. ಅವಳು ಗೋಡೆಯ ಮೇಲೆ ಎತ್ತು ಬರೆಯುತ್ತಾಳೆ, ಎಲ್ಲರೂ ನಗುತ್ತಾರೆ, ವಾದ್ಯ ಮೊಳಗುತ್ತದೆ. ಮುಗಿಯಿತು.

ನಡುವೆ ಊಟದ ಪಂಕ್ತಿಯ ದೃಶ್ಯ ಬಂದಾಗ ಪರದೆಯ ಆಚೆಯಿಂದ ಹುಡುಗಿಯರು ಕಿಸಕ್ಕನೆ ನಕ್ಕರು. ಈ ಕಡೆ ಯಾರೂ ನಗಲಿಲ್ಲ, ನಗುವಂಥದ್ದು ಏನೂ ಇರಲಿಲ್ಲ. "ಯಾರವರು? ನೋಡಾಕ ಬಂದೀರೋ, ಹರಟಿ ಹೊಡ್ಯಾಕ ಬಂದೀರೋ?" ಎಂದು ಕೂತಲ್ಲಿಂದಲೇ ಗದರಿಸಿದೆ. ಸುಮ್ಮನಾದರು. ಆ ನಗುವಿಗೆ ಕಾರಣ ಏನಿರಬಹುದು ಎಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ.

ಶನಿವಾರ ಪ್ರಬಂಧ ಬರೆದರು, ರವಿವಾರ ಮನೆಯಲ್ಲಿ ತಿದ್ದಲು ಕೂತೆ. ಬಹಳ ಜನ "ಸುಖಾಂತ್ಯದ ಚಿತ್ರ" ಎಂದು ಬರೆದಿದ್ದರು. ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಆಮೇಲೆ ನೀಲಮ್ಮನ ಪ್ರಬಂಧ ಬಂತು. ನೀಲಮ್ಮ ಚೌಡಾಪುರದ ಹುಡುಗಿ. ಗಾಣಗಾಪುರಕ್ಕೆ ಹೋಗಿ ಬರುವ ಮಂದಿಗಾಗಿ ಅವಳ ಅಪ್ಪ ಶರಣಪ್ಪ ರಸ್ತೆಯ ಬದಿಗೆ ಖಾನಾವಳಿ ನಡೆಸುತ್ತಿದ್ದ. ದಿನಾ ಬಸ್ಸಿಗೆ ಬರುತ್ತಿದ್ದಳು, ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವಳು ಬರೆದಿದ್ದಳು:

"ಈ ಸೀಮೆಯವರು ಎಲ್ಲ ಕೆಲಸವನ್ನೂ ಎಡಗೈಯಿಂದ ಮಾಡುತ್ತಾರೆ. ಉಣ್ಣುವುದು ಎಡಗೈ, ಅಕ್ಷತೆ ಹಾಕುವುದು ಎಡಗೈ, ಹೆಂಗಸರ ಸೆರಗು ಬಲಭುಜದ ಮೇಲೆ. ಇಷ್ಟು ಮಂದಿಯಲ್ಲಿ ಮಗಳೊಬ್ಬಳೇ ಬಲಗೈಯಿಂದ ಚಿತ್ರ ಬರೆಯುತ್ತಾಳೆ. ಅಜ್ಜಿ ದಾರ ಕಟ್ಟುವುದು ಆ ಕೈಗೇ. ಅದು ಪ್ರೀತಿಯ ದಾರ ಅಲ್ಲ. ಕೊನೆಯಲ್ಲಿ ಮಗಳು ಎಲ್ಲರ ಹಾಗೆ ಎಡಗೈಯಿಂದ ಬರೆಯುತ್ತಾಳೆ. ಗೆರೆ ನಡುಗುತ್ತದೆ. ಎಲ್ಲರೂ ನಗುತ್ತಾರೆ, ಆದರೆ ಈ ಚಿತ್ರ ಸುಖದಲ್ಲಿ ಮುಗಿಯಲಿಲ್ಲ."

ನನಗೆ ಸಿಟ್ಟು ಬಂತು. ನಾನು ಕಣ್ಣಾರೆ ನೋಡಿದ್ದೆ, ಎಲ್ಲರೂ ಬಲಗೈಲಿ ಉಂಡಿದ್ದರು. ಹರಟೆ ಹೊಡೆದು ನಕ್ಕವರಲ್ಲಿ ಇವಳೂ ಒಬ್ಬಳು, ಈಗ ಮನಸ್ಸಿಗೆ ಬಂದದ್ದು ಕಟ್ಟಿ ಬರೆದಿದ್ದಾಳೆ ಎಂದುಕೊಂಡೆ. "ನೋಡದೆ ಬರೆದದ್ದು" ಎಂದು ಕೆಂಪಿನಲ್ಲಿ ಗೀಚಿ ಸೊನ್ನೆ ಹಾಕಿದೆ.

ಸೋಮವಾರ ಹಾಳೆಗಳನ್ನು ಹಿಂದಿರುಗಿಸಿದಾಗ ಅವಳು ಎದ್ದು ನಿಂತಳು.

"ಸರ್, ಸೊನ್ನಿ ಇರ್ಲಿ. ಈ ಕೆಂಪು ಮಾತು ಹೊಡದ ಹಾಕ್ರಿ."

"ಯಾಕ?"

"ನಾ ನೋಡಿನ್ರಿ."

"ನೋಡಿದ್ರ ಎಡಗೈಲಿ ಉಂಡ್ರು ಅಂತ ಬರೀತಿದ್ದೇನು? ಹುಡುಗರನ್ನ ಕೇಳು." ಹುಡುಗರು ಹೋ ಎಂದು ನಕ್ಕರು. ಒಬ್ಬ, "ಇಕಿ ಅಪ್ಪನ ಖಾನಾವಳ್ಯಾಗ ಎಡಗೈಲೇ ಉಣ್ತಾರ ಕಾಣ್ತದ," ಎಂದ. ಉಳಿದ ಹುಡುಗಿಯರು ತಲೆ ತಗ್ಗಿಸಿ ಕೂತಿದ್ದರು. ಅವರೂ ಎಡಗೈಯನ್ನೇ ಕಂಡವರು, ಆದರೆ ಯಾರೂ ಬರೆದಿರಲಿಲ್ಲ, ಈಗ ಹೇಳುವ ಧೈರ್ಯವೂ ಇರಲಿಲ್ಲ.

ಅವಳು ಕೂರಲಿಲ್ಲ. ಮಾತು ಪ್ರಾಚಾರ್ಯರ ಕೋಣೆಗೆ ಹೋಯಿತು. ಅಲ್ಲಿಯೂ, "ನಾ ಕಂಡದ್ದೇ ಬರದೀನ್ರಿ," ಎಂದಳು. ಪ್ರಾಚಾರ್ಯರಿಗೆ ಇದು ಮೊಂಡುತನ ಎನ್ನಿಸಿತು. ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎಂದು ಚೀಟಿ ಕೊಟ್ಟರು. ಹೊರಗೆ ಬಂದ ಮೇಲೆ ಅವಳು ನನ್ನೊಂದಿಗೆ ಮೆಲ್ಲಗೆ ಹೇಳಿದಳು, "ಸರ್, ನಮ್ಮಪ್ಪ ಒಂದಾ ಮಾತಿನ ಮ್ಯಾಲ ಕಳಸ್ಯಾನ್ರಿ ನನಗ. ಸುಳ್ಳು ಹೇಳಿದ್ದು ಕಿವಿಗಿ ಬಿತ್ತಂದ್ರ ಅವತ್ತೇ ಕಾಲೇಜು ಬಂದ್ ಅಂದಾನ." ಅಳಲಿಲ್ಲ. ಚೀಟಿ ಮಡಚಿ ಪುಸ್ತಕದಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ಹೋದಳು.

ಆ ಹೋಗುವ ರೀತಿ ನನ್ನನ್ನು ಚುಚ್ಚಿತು. ಸಂತೆಯಲ್ಲಿ ಸುಳ್ಳು ಹೇಳುವವರನ್ನು ನಾನು ಬಹಳ ನೋಡಿದ್ದೇನೆ. ಸುಳ್ಳು ಹೇಳುವವನು ಬೆಲೆ ಇಳಿಸುತ್ತಾನೆ. ಇವಳು ಇಳಿಸಲಿಲ್ಲ. ಸೊನ್ನೆ ಒಪ್ಪಿಕೊಂಡಳು, ಮಾತು ಬಿಡಲಿಲ್ಲ.

ಖಾಜಾಸಾಬ ಹಳ್ಳಿಯ ಶಾಲೆಗಳ ಆಟ ಮುಗಿಸಿ ಬಂದು ಕಾಲೇಜಿನ ಹಾಲಿನಲ್ಲೇ ಸಾಮಾನು ಇಟ್ಟಿದ್ದ. ಮರುದಿನ ಸಂಜೆ ಗುಲಬರ್ಗಾಕ್ಕೆ ಹೊರಡುವವನು. ಹೋಗಿ ಕೇಳಿದೆ.

"ಖಾಜಾಸಾಬ್, ಜರಾ ಊಟದ್ದು, ಕಡೀದ್ದು, ಎರಡು ರೀಲ್ ಇನ್ನೊಮ್ಮೆ ಹಾಕ್ತೀರೇನು?"

"ಯಾಕ್ರಿ ಸರ್, ಏನರ ಕಳಕೊಂಡೀರಿ ಅದ್ರಾಗ?"

"ಒಬ್ಬಾಕಿ ಹುಡುಗಿ, ಎಲ್ಲಾರೂ ಎಡಗೈಲಿ ಉಂಡಾರ ಅಂತ ಬರದಾಳ. ಎಷ್ಟು ಹೇಳಿದ್ರೂ ಕೇಳವಲ್ಲಳು."

ಅವನು ಬೀಡಿ ಹಚ್ಚಲು ಹೋದವನು ಕಡ್ಡಿ ಹಿಡಿದುಕೊಂಡೇ ನಿಂತ. "ಆಕಿ ಎಲ್ಲಿ ಕುಂತಿದ್ಲು?"

"ಆ ಕಡಿ. ಹುಡುಗ್ಯಾರ ಕಡಿ."

ಖಾಜಾಸಾಬ ನಗಲು ಶುರುಮಾಡಿದ. ಅದು ಗೇಲಿಯ ನಗು ಅಲ್ಲ, ತಡೆಯಲಾರದ ನಗು. "ಮತ್ತ ಹಿಂದ ಕುಂತವ್ರಿಗಿ ಉಲ್ಟಾ ಕಾಣಲಾರದ ಸುಲ್ಟಾ ಕಾಣ್ತದೇನ್ರಿ ಸರ್? ತೆಳ್ಳಂದು ಧೋತರದ ಮ್ಯಾಲ ಏನರ ಬರದು ಹಿಂದಿಂದ ನೋಡ್ರಿ. ಕನ್ನಡ ಸಿನಿಮಾ ಇದ್ರ ಅಕ್ಷರ ಉಲ್ಟಾ ಕಂಡು ಹುಡುಗ್ಯಾರೇ ಹೇಳ್ತಿದ್ರು. ಇದ್ರಾಗ ಅಕ್ಷರಾನೇ ಹರದು ಹೋಗ್ಯಾವ. ಒಂದೆರಡು ಅಂಗಡಿ ಬೋರ್ಡ್ ಬಂದ್ರೂ ಆ ಲಿಪಿ ಯಾರಿಗಿ ಮಾಲೂಮ?" ಆಮೇಲೆ ನಗು ನಿಲ್ಲಿಸಿ ಹೇಳಿದ, "ನೀವೇ ಕಟ್ಟಿದ ಪರದಾ ಅದು ಸರ್."

ನಮ್ಮ ಕಡೆ ಪರದಾ ಎಂದರೆ ಸಿನಿಮಾದ ಬಟ್ಟೆಯೂ ಹೌದು, ಹೆಣ್ಣುಮಕ್ಕಳನ್ನು ಮರೆಮಾಡುವ ಬಟ್ಟೆಯೂ ಹೌದು. ನಾನು ಒಂದೇ ಬಟ್ಟೆಯಲ್ಲಿ ಎರಡೂ ಕೆಲಸ ಮಾಡಿಸಿದ್ದೆ.

ಮತ್ತೆ ನಡುವಿನ ಹಗ್ಗಕ್ಕೆ ಅದೇ ಬಟ್ಟೆ ಇಳಿಬಿಟ್ಟು, ಕಿಟಕಿಗೆ ಗೋಣಿತಟ್ಟು ಹಾಕಿ ಕತ್ತಲೆ ಮಾಡಿದೆವು. ನಾನು ಆಚೆ ಬದಿಗೆ ಹೋಗಿ ಹುಡುಗಿಯರು ಕೂತಿದ್ದ ಜಮಖಾನೆಯ ಮೇಲೆ ಒಬ್ಬನೇ ಕೂತೆ. ಪಂಕ್ತಿ ಬಂತು. ಸಾಲಾಗಿ ಕೂತ ಅಷ್ಟೂ ಜನ ಎಡಗೈಯಿಂದ ಅನ್ನ ಕಲಸಿದರು. ಹಿರಿಯರು ಎಡಗೈಯಿಂದ ಅಕ್ಷತೆ ಹಾಕಿದರು. ಹೆಂಗಸರ ಸೆರಗು ಬಲಭುಜದ ಮೇಲಿತ್ತು. ಅವಳು ಬರೆದದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಆದರೆ ನಿಜವಾದ ಬೆರಗು ಇನ್ನೂ ಮುಂದಿತ್ತು. ಹಿಂದಿನಿಂದ ನೋಡಿದಾಗ ಎಲ್ಲರೂ ಎಡಚರಾಗಿ ಕಂಡರೂ, ಅದೇ ರೀಲಿನ ಕೊನೆಗೆ ಮಗಳೊಬ್ಬಳು ಬಲಗೈಯಿಂದ ಗೋಡೆಗೆ ಗೆರೆ ಎಳೆಯುತ್ತಿದ್ದಳು. ಹಾಗಾದರೆ ಮುಂದಿನಿಂದ? ನಾನು ಎದ್ದು ಓಡಿ ಈಚೆ ಬದಿಗೆ ಬಂದೆ. "ಮಗಳು ಮೊದಲ ಸಲ ಚಿತ್ರ ಬರಿಯೋದು ಹಾಕ್ರಿ," ಎಂದೆ. ಖಾಜಾಸಾಬ ಗೊಣಗುತ್ತ ರೀಲು ಬದಲಿಸಿದ. ಹೌದು, ಆ ಹುಡುಗಿ ಎಡಚಿ. ಎಡಗೈಯಲ್ಲಿ ಇದ್ದಿಲು ಹಿಡಿದು ಎತ್ತಿನ ಗೊರಸಿನಿಂದ ಕೊಂಬಿನವರೆಗೆ ಕೈ ಎತ್ತದೆ ಒಂದೇ ಗೆರೆ ಎಳೆದಳು, ನೀರು ಹರಿದ ಹಾಗೆ. ಅಜ್ಜಿ ಕರಿದಾರ ಕಟ್ಟಿದ್ದು ಆ ಎಡಗೈಗೆ. ಕೊನೆಯ ದೃಶ್ಯದಲ್ಲಿ ದಾರ ಕಟ್ಟಿದ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಇದ್ದಿಲು ಬಲಗೈಯಲ್ಲಿತ್ತು. ಅದೇ ಎತ್ತು, ಆದರೆ ಬೆನ್ನಿನ ಹತ್ತಿರ ಗೆರೆ ನಡುಗಿತು, ಎರಡು ಸಲ ಕೈ ಎತ್ತಿದಳು, ಕೊಂಬು ಸೊಟ್ಟಗಾಯಿತು. ಸುತ್ತ ಎಲ್ಲರೂ ನಗುತ್ತಿದ್ದರು, ವಾದ್ಯ ಮೊಳಗುತ್ತಿತ್ತು.

ಆ ನಿರ್ದೇಶಕ ಯಾರೋ, ಯಾವ ಊರಿನವನೋ. ಇಡೀ ಚಿತ್ರವನ್ನು ಒಂದು ಕೈಯಲ್ಲಿ ಬಚ್ಚಿಟ್ಟಿದ್ದ. ಮುಂದೆ ಕೂತ ನಾವು ಇಷ್ಟು ಜನ, ಮಾಸ್ತರನೂ ಸೇರಿ, ಆ ಕೈಯನ್ನು ಕಾಣಲಿಲ್ಲ. ಹಿಂದೆ, ಜಮಖಾನೆಯ ಮೇಲೆ, ನಾನು ಕಟ್ಟಿದ ಬಟ್ಟೆಯ ಮರೆಯಲ್ಲಿ ಕೂತ ಖಾನಾವಳಿಯ ಹುಡುಗಿ ಕಂಡಿದ್ದಳು.

ಮಂಗಳವಾರ ಬೆಳಿಗ್ಗೆ ಶರಣಪ್ಪ ಮಗಳೊಂದಿಗೆ ಬಂದ. ಹೆಗಲ ಮೇಲೆ ಕೈವಸ್ತ್ರ, ಅದರಲ್ಲಿ ಇನ್ನೂ ಒಗ್ಗರಣೆಯ ವಾಸನೆ.

"ಸಾಹೇಬ್ರ, ಸುಳ್ಳು ಕಲೀಲಿ ಅಂತ ಬಸ್ಸಿಗಿ ಕಳಸಿಲ್ರಿ ನಾ. ಖಾನಾವಳ್ಯಾಗ ಊಟಕ್ಕ ನೀಡಾಕ ಕೈ ಕಡಿಮಿ ಅದಾವ. ನೀವು ಹೂಂ ಅಂದ್ರ ಈಗೇ ಕರಕೊಂಡು ಹೋಗ್ತೇನಿ."

ಪ್ರಾಚಾರ್ಯರು ನನ್ನ ಮುಖ ನೋಡಿದರು. ನಾನು, "ಒಂದು ಹತ್ತು ನಿಮಿಷ ಹಾಲಿಗಿ ಬರ್ರಿ, ಆಮೇಲೆ ಹೂಂ ಅನ್ರಿ, ಉಹೂಂ ಅನ್ರಿ," ಎಂದೆ. ಪ್ರಾಚಾರ್ಯರನ್ನೂ ಶರಣಪ್ಪನನ್ನೂ ಪರದೆಯ ಹಿಂದೆ ಕೂರಿಸಿದೆ. ಖಾಜಾಸಾಬ ಪಂಕ್ತಿಯ ದೃಶ್ಯ ಹಾಕಿದ. ಮೊದಲು ಬಾಯಿ ಬಿಟ್ಟವನು ಶರಣಪ್ಪ.

"ಇದೇನ್ರೀ ಇದು, ಎಲ್ಲಾರೂ ಎಡಗೈಲೇ ಉಣ್ಣಾಕತ್ತಾರ."

ಪ್ರಾಚಾರ್ಯರು ಎದ್ದು ಬಟ್ಟೆಯ ಆಚೆ ಹೋಗಿ ನೋಡಿದರು, ಮತ್ತೆ ಹಿಂದೆ ಬಂದು ನೋಡಿದರು, ಮತ್ತೆ ಆಚೆ ಹೋದರು. ಅವರು ಓಡಾಡುವುದನ್ನು ಕಂಡು ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಶರಣಪ್ಪನಿಗೆ ನೇರವಾಗಿ ಹೇಳಿದೆ, "ಸುಳ್ಳು ಬರದವ ನಾನು. ನಿಮ್ಮ ಹುಡುಗಿ ಖರೇ ಬರದಾಳ."

ಅವನು ಕೈವಸ್ತ್ರ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡು, "ಹಂಗಾದ್ರ ಮಧ್ಯಾಹ್ನದ ಬಸ್ಸಿಗಿ ನಾ ಒಬ್ಬನೇ ಹೋಗ್ತೇನಿ. ನೀ ಕ್ಲಾಸ್ ಮುಗಿಸಿ ಬಾ ಯವ್ವಾ," ಎಂದ.

ಅವಳನ್ನು ಕೇಳಿದೆ, "ತಂಗಿ, ಇಷ್ಟು ಮಂದ್ಯಾಗ ಆ ಹುಡುಗಿ ಕೈ ಬದಲಾದದ್ದು ನಿನಗೊಬ್ಬಾಕಿಗೆ ಹ್ಯಾಂಗ ಕಂಡಿತು?"

"ನಾ ದಿನಾ ಪಂಕ್ತಿ ನೀಡಾಕ ನಿಲ್ತೇನ್ರಿ ಸರ್. ನೀಡೋರು ಮುಖ ನೋಡಂಗಿಲ್ಲ, ಕೈ ನೋಡ್ತಾರ. ಯಾರ ಕೈ ನಿಂತ್ಯದ, ಯಾರಿಗಿ ರೊಟ್ಟಿ ಬೇಕು, ಯಾರು ಉಣ್ಣಲಾರದ ಸುಮ್ಕ ಆಡಸಾಕತ್ತಾರ. ಕೈ ಹೇಳ್ತದ್ರಿ." ಆಮೇಲೆ, "ಉಲ್ಟಾ ಅಂತ ಗೊತ್ತಿರ್ಲಿಲ್ರಿ. ಗೊತ್ತಿದ್ರ ಇಷ್ಟು ನೋಡ್ತಿರ್ಲಿಲ್ಲೇನೋ," ಎಂದಳು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಚೌಕಾಸಿ ಬುದ್ಧಿ ಸುಮ್ಮನಿರಲಿಲ್ಲ. ಶಿಬಿರದ ಆಯ್ಕೆಗೆ ಪ್ರಬಂಧ ಗುಲಬರ್ಗಾಕ್ಕೆ ಹೋಗಬೇಕು. ಅಲ್ಲಿಯ ತಜ್ಞರೂ ನನ್ನ ಹಾಗೆಯೇ ಮುಂದೆ ಕೂತು ನೋಡಿದವರು. ಮೊದಲ ಸಾಲಿನಲ್ಲೇ ಎಡಗೈ ಕಂಡರೆ ಹಾಳೆ ಪಕ್ಕಕ್ಕೆ ಇಡುತ್ತಾರೆ. "ಒಂದು ಕೆಲಸ ಮಾಡು," ಎಂದೆ. "ಎಡ ಇದ್ದಲ್ಲೆಲ್ಲ ಬಲ ಮಾಡು, ಬಲ ಇದ್ದಲ್ಲಿ ಎಡ. ಅರ್ಧ ತಾಸಿನ ಕೆಲಸ. ಅರ್ಥ ಬದಲಾಗಂಗಿಲ್ಲ, ನಿನ್ನ ವಿಚಾರ ಹಂಗೇ ಇರ್ತದ, ಶಿಬಿರಕ್ಕ ನಿನ್ನ ಹೆಸರು ಬರ್ತದ."

ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು.

"ಕಂಡದ್ದು ಬರೀರಿ ಅಂತ ನೀವೇ ಹೇಳಿದ್ರಿ ಸರ್. ಈಗ ನೀವು ಕಂಡದ್ದು ನಾ ಬರೀಲೇನು?"

ನಾನು ಎಂಥೆಂಥ ದಲಾಲರ ಎದುರು ಮಾತು ಗೆದ್ದವನು. ಆವತ್ತು ನನ್ನ ಚೌಕಾಸಿಯನ್ನು ಹಿಂತೆಗೆದುಕೊಂಡೆ. ಕೊನೆಗೆ ಅವಳೇ ದಾರಿ ಹುಡುಕಿದಳು. ಶುದ್ಧ ಪ್ರತಿ ಮಾಡುವಾಗ ಎಲ್ಲಕ್ಕಿಂತ ಮೊದಲು ಒಂದು ಸಾಲು ಸೇರಿಸಿದಳು: "ನಾನು ಈ ಚಿತ್ರವನ್ನು ಪರದೆಯ ಹಿಂದೆ ಕುಳಿತು ನೋಡಿದೆ." ಅದರ ಕೆಳಗೆ ಎಡ ಎಡವಾಗಿಯೇ, ಬಲ ಬಲವಾಗಿಯೇ ಉಳಿಯಿತು. ಒಂದು ಅಕ್ಷರ ಬದಲಿಸದೆ ಇಡೀ ಪ್ರಬಂಧ ಆ ಒಂದು ಸಾಲಿನಿಂದ ನೆಟ್ಟಗೆ ನಿಂತಿತು. ಶಿಬಿರಕ್ಕೆ ಅವಳ ಹೆಸರೇ ಹೋಯಿತು.

ಮುಂದಿನ ಸಲ ಚಿತ್ರ ಬಂದಾಗ ನಾನು ಹಗ್ಗ ತರಿಸಿದ್ದೆ. ಪ್ರಾಚಾರ್ಯರೇ ಬಂದು, "ಹಗ್ಗ ಬ್ಯಾಡ, ಪರದಾ ಗ್ವಾಡಿಗಿ ಹಚ್ರಿ," ಎಂದರು. ಎಡಕ್ಕೆ ಹುಡುಗಿಯರು, ಬಲಕ್ಕೆ ಹುಡುಗರು, ನಡುವೆ ಕುರ್ಚಿ ಹಾಕಿಕೊಂಡು ಪ್ರಾಚಾರ್ಯರು. ಪಾಲಕರು ಯಾರೂ ಬಂದು ಕೇಳಲಿಲ್ಲ. ಇಷ್ಟು ಸುಲಭವಿತ್ತು ಎಂದು ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದೆವೇನೋ.

ತೊಂಬತ್ತರ ದಶಕದಲ್ಲಿ ಕಾಲೇಜಿಗೆ ಟಿ.ವಿ., ವಿ.ಸಿ.ಆರ್. ಬಂದವು. ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು. ಸೈಕಲ್ಲು ಎಷ್ಟು ಸಲ ಬಂತು ಎಂದು ನೆನಪಿಡುವ ಕಷ್ಟವಿಲ್ಲ. ನಿಮಗೆ ಅದಕ್ಕಿಂತ ಸುಲಭವಾದದ್ದು ಕೈಯಲ್ಲೇ ಇದೆ. ಇರಲಿ, ಉಪಯೋಗಿಸಿ. ಒಂದನ್ನು ಹಿಡಿ, ಎಷ್ಟು ಸಲ ಬಂತು ನೋಡು, ಎಲ್ಲಿ ಬದಲಾಯಿತು ನೋಡು, "ಅದಕ್ಕೇನು" ಎಂದು ಕೇಳು ಎನ್ನುವುದನ್ನು ನಾನು ಕೊನೆಯವರೆಗೂ ಕಲಿಸಿದೆ. ಆದರೆ ಇವೆಲ್ಲಕ್ಕೂ ಮೊದಲು ಒಂದು ಸಾಲು ಬರೆಸುತ್ತಿದ್ದೆ. ನೀವೂ ಬರೆಸಿ. ನೀನು ಎಲ್ಲಿ ಕೂತು ನೋಡಿದೆ? ಹಸಿದು ನೋಡಿದೆಯೋ, ಉಂಡು ನೋಡಿದೆಯೋ? ಭಾಷೆ ಬಂದು ನೋಡಿದೆಯೋ, ಬಾರದೆ ನೋಡಿದೆಯೋ? ಅದನ್ನು ಹೇಳಿದ ಮೇಲೆ ಹುಡುಗರು ಏನು ಕಂಡೆ ಎಂದರೂ ನಂಬಿ. ನಂಬಲಾಗದಿದ್ದರೆ ಎದ್ದು ಹೋಗಿ ಅವರು ಕೂತಲ್ಲಿ ಕೂತು ನೋಡಿ. ಕೆಂಪು ಪೆನ್ನು ಆಮೇಲೆ ತೆಗೆಯಿರಿ.

ಶುದ್ಧ ಪ್ರತಿ ಗುಲಬರ್ಗಾಕ್ಕೆ ಹೋದ ದಿನ ನೀಲಮ್ಮ ನನ್ನ ಮೇಜಿನ ಹತ್ತಿರ ಬಂದು ಮೊದಲು ಬರೆದಿದ್ದ ಹಾಳೆಯನ್ನು ಮುಂದಿಟ್ಟಳು. ಸೊನ್ನೆ ಹಾಗೇ ಇತ್ತು, ಕೆಂಪು ಮಾತೂ ಹಾಗೇ ಇತ್ತು.

"ಇದು ನಮ್ಮಪ್ಪ ಇಟ್ಟುಕೋತೇನಿ ಅಂದಾನ್ರಿ. ಆ ಮಾತು ಮಾತ್ರ..."

ನಾನು ಪೆನ್ನು ತೆಗೆದು "ನೋಡದೆ ಬರೆದದ್ದು" ಎಂಬುದರ ಮೇಲೆ ಗೆರೆ ಎಳೆದೆ. ಆಮೇಲೆ ಅದರ ಕೆಳಗೆ ಅದೇ ಕೆಂಪು ಶಾಯಿಯಲ್ಲಿ "ನಾನು ಪರದೆಯ ಮುಂದೆ ಕುಳಿತಿದ್ದೆ" ಎಂದು ಬರೆದು ಸಹಿ ಮಾಡಿಕೊಟ್ಟೆ.